ಹಳೇ ಜಾವಾ ಇಂಜಿನ್ನು: ಬಿಚ್ಚುವ ಮುನ್ನ ಎರಡು ಮಾತು

ಬೆಳಗಿನ ಜಾವ ಮೊದಲ ಸಿಟಿ ಬಸ್ಸಿಗೆ ಕಾದು ನಿಂತು ರೂಢಿಯಿರುವ ಮೈಸೂರಿನವರಿಗೆ ಈ ಸದ್ದು ಗೊತ್ತು. ದೂರದಲ್ಲೆಲ್ಲೋ "ಡುಗು ಡುಗು ಡುಗು" ಎಂದು ಶುರುವಾಗುತ್ತದೆ. ಹತ್ತಿರ ಬಂದಾಗ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರು, ನೀಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ, ಹಿಂದೆ ತೂಗಾಡುವ ಹಾಲಿನ ಕ್ಯಾನು. ಒಂದು ಕಾಲಕ್ಕೆ ಬೀದಿಗೆ ನಾಲ್ಕು ಇದ್ದವು. ಈಗ ಬಡಾವಣೆಗೆ ಒಂದು ಸಿಕ್ಕರೆ ಹೆಚ್ಚು. ಉಳಿದವು ಹಿತ್ತಲಲ್ಲಿ, ಗೋಣಿಚೀಲದ ಕೆಳಗೆ, ಕೋಳಿ ಮೊಟ್ಟೆ ಇಡುವ ಜಾಗವಾಗಿ ಕೂತಿವೆ.

ಅವು ಈಚೆಗೆ ಒಂದೊಂದಾಗಿ ಹೊರಕ್ಕೆ ಬರುತ್ತಿವೆ. ಅಪ್ಪನ ನೆನಪಿಗೆ ಎಂದು ಕೆಲವರು, ಫ್ಯಾಷನ್ನಿಗೆ ಎಂದು ಕೆಲವರು, ಬೆಂಗಳೂರಿನ ಪಾರ್ಟಿ ಒಳ್ಳೇ ರೇಟು ಕೊಡುತ್ತಾನೆ ಎಂದು ಇನ್ನು ಕೆಲವರು. ಕಾರಣ ಏನೇ ಇರಲಿ, ಎಲ್ಲರ ಬಾಯಲ್ಲೂ ಒಂದೇ ಮಾತು: "ಇಂಜಿನ್ ಮಾಡಿಸಬೇಕು." ಈ "ಮಾಡಿಸುವ" ಕೆಲಸ ಹೇಗೆ ನಡೆಯುತ್ತಿದೆ ಎಂದು ನಿಮ್ಮ ವರದಿಗಾರ ನಾಲ್ಕಾರು ಗ್ಯಾರೇಜು, ಎರಡು ಲೇತ್ ಅಂಗಡಿ ಸುತ್ತಿ ಬಂದ. ಮುಚ್ಚುಮರೆ ಇಲ್ಲದೆ ಹೇಳುವುದಾದರೆ, ಕೆಲವು ಕಡೆ ನಡೆಯುತ್ತಿರುವುದು ರಿಪೇರಿ, ಕೆಲವು ಕಡೆ ಶುದ್ಧ ಕೊಲೆ.

ಯಾದವಗಿರಿಯ ಸರಕು

ಗೊತ್ತಿಲ್ಲದ ಹುಡುಗರಿಗಾಗಿ ನಾಲ್ಕು ಸಾಲು. ಜಾವಾ ಎಂಬುದಕ್ಕೂ ಇಂಡೋನೇಷ್ಯಾದ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬ ಕಾರ್ಖಾನೆದಾರ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವ್ಯವಹಾರವನ್ನು ಕೊಂಡ. ತನ್ನ ಹೆಸರಿನ ಮೊದಲಕ್ಷರ, ಅವರ ಹೆಸರಿನ ಮೊದಲಕ್ಷರ ಸೇರಿಸಿ ಗಾಡಿಗೆ ಹೆಸರಿಟ್ಟ. ಅದನ್ನು ನಮ್ಮೂರಿಗೆ ತಂದವರು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ. ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಯಿತು. ಉದ್ಘಾಟನೆ ಮಾಡಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. ಟ್ಯಾಂಕಿನ ಮೇಲಿನ ಅಕ್ಷರ ಬದಲಾಯಿತೇ ಹೊರತು ಒಳಗಿನ ಹೊಟ್ಟೆ ಬಹುಪಾಲು ಅದೇ. 1978ರಲ್ಲಿ ರೋಡ್‌ಕಿಂಗ್ ಬಂತು, ಅದರ ಇಂಜಿನ್ನಿನ ಕತೆ ಬೇರೆ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಆಮೇಲೆ 2018ರಲ್ಲಿ ಜಾವಾ ಎಂಬ ಹೆಸರಿನಲ್ಲೇ ಹೊಸ ಗಾಡಿ ಬಂತು, 2022ರಲ್ಲಿ ಯೆಜ್ಡಿಯೂ ಬಂತು. ಸಂತೋಷ. ಆದರೆ ಅವು ತಯಾರಾಗಿ ಬಂದದ್ದು ಮಧ್ಯಪ್ರದೇಶದ ಪೀಥಂಪುರದಿಂದ. ಅಷ್ಟೇ ಅಲ್ಲ, ಅವು ಫೋರ್ ಸ್ಟ್ರೋಕು, ನೀರಿನಿಂದ ತಣ್ಣಗಾಗುವ ಇಂಜಿನ್ನು. ಅಪ್ಪನ ಜಾವಾಕ್ಕೆ ಪಿಸ್ಟನ್ನು ಬೇಕು ಎಂದು ಆ ಶೋರೂಮಿಗೆ ಹೋದರೆ ಕಾಫಿ ಕೊಟ್ಟು ಕಳಿಸುತ್ತಾರೆ, ಪಿಸ್ಟನ್ನು ಕೊಡುವುದಿಲ್ಲ.

ಇಲ್ಲಿದೆ ವಿಷಯದ ಗಂಟು. ಹಳೇ ಇಂಜಿನ್ನಿನಲ್ಲಿ ಯಾದವಗಿರಿಯ ಎಷ್ಟು ಕಬ್ಬಿಣ, ಎಷ್ಟು ಅಲ್ಯೂಮಿನಿಯಂ ಉಳಿದಿದೆಯೋ ಅಷ್ಟೇ. ಇನ್ನು ಮೇಲೆ ಅದು ತಯಾರಾಗುವುದಿಲ್ಲ. ಕೆರೆದು ಎಸೆದರೆ ಹೋಯಿತು.

ಅಗ್ರಹಾರದ ದಿನಸಿ ಅಂಗಡಿಯ ಗಾಡಿ

ಅಗ್ರಹಾರದ ಕಡೆ ದಿನಸಿ ಅಂಗಡಿ ಇಟ್ಟಿರುವ ಶೆಟ್ಟರೊಬ್ಬರ ಗಾಡಿಯ ವಿಚಾರ ಹೇಳಿದರೆ ಎಲ್ಲ ಅರ್ಥವಾಗುತ್ತದೆ. ಹೆಸರು ಬೇಡ ಎಂದಿದ್ದಾರೆ, ಬಿಡೋಣ. ಅವರ ತಂದೆ 1968ರಲ್ಲಿ ಕೊಂಡ ಜಾವಾ. ಸಂತೆಪೇಟೆಯಿಂದ ಬೇಳೆ ಮೂಟೆ, ಬೆಲ್ಲದ ಪೆಟ್ಟಿಗೆ, ಎಣ್ಣೆ ಡಬ್ಬ ಎಲ್ಲ ಇದರ ಬೆನ್ನ ಮೇಲೇ ಬಂದದ್ದು. ಅಂಗಡಿ ನಿಂತದ್ದೇ ಈ ಗಾಡಿಯಿಂದ ಎಂದು ಶೆಟ್ಟರು ನೇರವಾಗಿ ಹೇಳುತ್ತಾರೆ. ತಂದೆ ಹೋದ ಮೇಲೆ ಗಾಡಿ ಮೂಲೆ ಸೇರಿತು. ಹದಿನೈದು ವರ್ಷ ಅಲ್ಲೇ ಇತ್ತು.

ಶೆಟ್ಟರ ಮಗ ಹಟ ಹಿಡಿದು ಹೊರಗೆ ತೆಗೆಸಿದ. ಹೇಗೋ ಸ್ಟಾರ್ಟ್ ಆಯಿತು. ಆದರೆ ಎಳೆಯುವ ಶಕ್ತಿ ಇಲ್ಲ, ಒಳಗಿಂದ "ಕಟಕಟ" ಎಂಬ ಸದ್ದು, ಹೊಗೆ ಅಂದರೆ ಬೀದಿಗೆಲ್ಲ ಸಾಂಬ್ರಾಣಿ ಹಾಕಿದ ಹಾಗೆ.

ಮೊದಲು ಹೋದ ಗ್ಯಾರೇಜಿನವನು ಹತ್ತು ನಿಮಿಷದಲ್ಲಿ ತೀರ್ಪು ಕೊಟ್ಟ. ಬಿಚ್ಚಲಿಲ್ಲ, ಅಳೆಯಲಿಲ್ಲ, ಕಿವಿಯಿಟ್ಟು ಕೇಳಿದ ಅಷ್ಟೆ. "ಬ್ಲಾಕು, ಪಿಸ್ಟನ್ನು, ಕ್ರ್ಯಾಂಕು ಎಲ್ಲ ಹೊಸ ಸೆಟ್ ಹಾಕ್ಬಿಡೋಣ. ಕ್ರ್ಯಾಂಕ್ ಕೇಸು ಚೈನ್ ಹತ್ರ ಸೀಳಿದೆ, ಗುಜರಿಯಿಂದ ಬೇರೆ ತರೋಣ. ಹಳೇದು ಬಿಟ್ಟೋಗಿ, ಆ ಚಿಂತೆ ನಿಮಗೆ ಬೇಡ."

ಈ ಕೊನೇ ಮಾತನ್ನು ಗಮನಿಸಿ. ಹಳೇದು ಬಿಟ್ಟು ಹೋಗಬೇಕಂತೆ! ಅಂಗಡಿ ನಡೆಸುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹಳೇ ಒರಿಜಿನಲ್ ಮಾಲಿಗೆ ಇವತ್ತು ಹೊಸ ಡೂಪ್ಲಿಕೇಟಿಗಿಂತ ಹೆಚ್ಚು ಗಿರಾಕಿ.

ಶೆಟ್ಟರಿಗೆ ವ್ಯಾಪಾರದ ಮೂಗು. ಗಾಡಿ ತಳ್ಳಿಕೊಂಡು ಮಂಡಿ ಮೊಹಲ್ಲಾದ ಕಡೆ ಇನ್ನೊಬ್ಬ ಮೇಸ್ತ್ರಿಯ ಹತ್ತಿರ ಬಂದರು. ಈ ಮೇಸ್ತ್ರಿ ಹುಡುಗನಾಗಿದ್ದಾಗ ಯಾದವಗಿರಿ ಕಾರ್ಖಾನೆಯಲ್ಲೇ ಇಂಜಿನ್ ಜೋಡಿಸುವ ಕೆಲಸ ಕಲಿತವರು. ಈಗ ಎಪ್ಪತ್ತು ದಾಟಿದೆ. ಗ್ಯಾರೇಜು ಅಂದರೆ ಎಂಟಡಿ ಅಗಲದ ಮಳಿಗೆ. ಬೋರ್ಡೂ ಇಲ್ಲ. ಅವರು ಮಾಡಿದ ಮೊದಲ ಕೆಲಸ ಏನು ಗೊತ್ತೆ? "ಒಂದು ವಾರ ಬಿಟ್ಟು ಬನ್ನಿ ಶೆಟ್ರೇ, ಅಲ್ಲೀಗಂಟ ರೇಟು ಕೇಳ್ಬೇಡಿ" ಅಂದರು.

ಸೈಕಲ್ ಪಂಪಿನ ಲೆಕ್ಕ

ಟೂ ಸ್ಟ್ರೋಕ್ ಇಂಜಿನ್ನು ನೋಡುವುದಕ್ಕೆ ಬಲು ಸರಳ. ಬುಲೆಟ್ಟಿನ ಹಾಗೆ ಇದರಲ್ಲಿ ವಾಲ್ವಿಲ್ಲ, ವಾಲ್ವು ಎತ್ತುವ ಕಡ್ಡಿಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಿವೆ, ಇವಕ್ಕೆ ಪೋರ್ಟ್ ಎನ್ನುತ್ತಾರೆ. ಪಿಸ್ಟನ್ನು ಮೇಲೆ ಕೆಳಗೆ ಹೋಗುತ್ತ ತಾನೇ ಆ ಕಿಟಕಿಗಳನ್ನು ತೆಗೆಯುತ್ತದೆ, ಮುಚ್ಚುತ್ತದೆ. ಪಿಸ್ಟನ್ನು ಮೇಲಕ್ಕೆ ಹೋದಾಗ ಅದರ ಕೆಳಗಿನ ಕ್ರ್ಯಾಂಕ್ ಕೇಸಿನೊಳಕ್ಕೆ ಪೆಟ್ರೋಲು-ಗಾಳಿ ನುಗ್ಗುತ್ತದೆ. ಕೆಳಕ್ಕೆ ಬಂದಾಗ ಅದೇ ಗಾಳಿ ಒತ್ತಿಸಿಕೊಂಡು ಪಕ್ಕದ ದಾರಿಯಿಂದ ಮೇಲಕ್ಕೆ ಏರುತ್ತದೆ. ಪ್ರತಿ ಸುತ್ತಿಗೂ ಒಂದು ಸಿಡಿತ. ಹಾಗಾಗಿ ಇಂಜಿನ್ನಿನ ಹೊಟ್ಟೆಯೇ ಒಂದು ಪಂಪು.

ಸೈಕಲ್ ಪಂಪಿನ ಚರ್ಮದ ವಾಷರು ಸವೆದರೆ ಏನಾಗುತ್ತದೆ? ಎಷ್ಟು ಹೊಡೆದರೂ ಟ್ಯೂಬಿಗೆ ಗಾಳಿ ಏರುವುದಿಲ್ಲ. ಜಾವಾದಲ್ಲೂ ಅದೇ ಲೆಕ್ಕ. ಕ್ರ್ಯಾಂಕಿನ ಎರಡೂ ಕಡೆ ರಬ್ಬರಿನ ಆಯಿಲ್ ಸೀಲುಗಳಿವೆ. ಎಡಗಡೆ ಸೀಲು ಸೋತರೆ ಕ್ಲಚ್ಚಿನ ಕಡೆಯ ಎಣ್ಣೆಯನ್ನು ಇಂಜಿನ್ನು ಹೀರಿಕೊಂಡು ಸುಡುತ್ತದೆ. ಸಾಂಬ್ರಾಣಿ ಹೊಗೆ ಬರುವುದು ಅದರಿಂದ. ಬಲಗಡೆ, ಡೈನಮೋ ಕಡೆಯ ಸೀಲು ಸೋತರೆ ಹೊರಗಿನ ಬರೀ ಗಾಳಿ ಒಳಗೆ ಬರುತ್ತದೆ. ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು. ಇಂಜಿನ್ನು ಕಾದು ಜಾಮ್ ಆಗುತ್ತದೆ.

ಶೆಟ್ಟರ ಗಾಡಿಯಲ್ಲಿ ಎರಡೂ ಸೀಲು ಒಣಗಿ ಹಪ್ಪಳ ಆಗಿದ್ದವು. ಹದಿನೈದು ವರ್ಷ ನಿಂತ ಗಾಡಿ, ಇನ್ನೇನಾಗುತ್ತದೆ? ಸೀಲಿನ ಬೆಲೆ ತಲೆ ತಿರುಗುವಂಥದ್ದಲ್ಲ. ಆದರೆ ಅದನ್ನು ಬದಲಿಸಲು ಎಷ್ಟೋ ಕಡೆ ಇಂಜಿನ್ನಿನ ಹೊಟ್ಟೆಯನ್ನೇ ಇಬ್ಭಾಗ ಮಾಡಬೇಕು. ಅದಕ್ಕೇ ಸೋಮಾರಿ ಮೆಕ್ಯಾನಿಕ್ಕು ಸೀಲು ಮುಟ್ಟದೆ ಪಿಸ್ಟನ್ ಬದಲಿಸಿ ಕಳಿಸುತ್ತಾನೆ. ಗಾಡಿ ಎರಡು ತಿಂಗಳು ಓಡಿ ಮತ್ತೆ ಅವನ ಬಾಗಿಲಿಗೇ ಬರುತ್ತದೆ.

ಬಿಚ್ಚುವುದರಲ್ಲೂ ಒಂದು ರೀತಿ ಇದೆ. ಕ್ರ್ಯಾಂಕ್ ಕೇಸು ಅಲ್ಯೂಮಿನಿಯಂ, ಬೇರಿಂಗು ಉಕ್ಕು. ಸುತ್ತಿಗೆಯಲ್ಲಿ ಬಡಿದು ಬೇರಿಂಗು ತೆಗೆದರೆ ಅದು ಕೂರುವ ಮನೆ ಸಡಿಲವಾಗುತ್ತದೆ. ಆಮೇಲೆ ಹೊಸ ಬೇರಿಂಗು ಹಾಕಿದರೂ ನಿಲ್ಲದು. ನಮ್ಮ ಮೇಸ್ತ್ರಿ ಕೇಸನ್ನು ಒಲೆಯ ಮೇಲಿಟ್ಟು ಬೆಚ್ಚಗೆ ಮಾಡಿದರು. ಬೆರಳಲ್ಲಿ ಒಂದು ಹನಿ ನೀರು ಚಿಮುಕಿಸಿ, ಅದು ಕಾವಲಿ ಮೇಲಿನ ಹಾಗೆ "ಚುಂಯ್" ಅಂದ ತಕ್ಷಣ ಕೇಸನ್ನು ಹಲಗೆಯ ಮೇಲೆ ಮೆಲ್ಲಗೆ ಕುಕ್ಕಿದರು. ಬೇರಿಂಗು ತಾನೇ ಜಾರಿ ಬಿತ್ತು. ಅಲ್ಯೂಮಿನಿಯಂ ಉಕ್ಕಿಗಿಂತ ಬೇಗ ಹಿಗ್ಗುತ್ತದೆ, ಅಷ್ಟೇ ಗುಟ್ಟು. ದೋಸೆ ಹೊಯ್ಯುವವರಿಗೆ ಗೊತ್ತಿರುವ ಹದ, ಸುತ್ತಿಗೆ ಹಿಡಿದವನಿಗೆ ಗೊತ್ತಿಲ್ಲ!

ಕಟಕಟ ಎಲ್ಲಿಂದ?

ಸದ್ದು ಬಂದದ್ದು ಕ್ರ್ಯಾಂಕಿನಿಂದ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಇಂಜಿನ್ ಕೆಲಸದಲ್ಲಿ ದುಡ್ಡು ಹೋಗುವುದೂ ಇಲ್ಲೇ, ಮೋಸ ನಡೆಯುವುದೂ ಇಲ್ಲೇ.

ಜಾವಾದ ಕ್ರ್ಯಾಂಕು ಒಂದೇ ತುಂಡಲ್ಲ. ಬೀಸುಕಲ್ಲಿನ ಹಾಗೆ ಎರಡು ದಪ್ಪ ಚಕ್ರ, ನಡುವೆ ಒಂದು ಪಿನ್ನು, ಆ ಪಿನ್ನಿನ ಸುತ್ತ ರೋಲರುಗಳು, ರೋಲರುಗಳ ಮೇಲೆ ಕನೆಕ್ಟಿಂಗ್ ರಾಡಿನ ದೊಡ್ಡ ಕಿವಿ, ಅಂದರೆ ಬಿಗ್ ಎಂಡ್. ಎಲ್ಲವನ್ನೂ ಟನ್‌ಗಟ್ಟಲೆ ಒತ್ತಡದಲ್ಲಿ ಪ್ರೆಸ್ ಮಾಡಿ ಕೂರಿಸಿರುತ್ತಾರೆ. ಬೋಲ್ಟಿಲ್ಲ, ವೆಲ್ಡಿಂಗಿಲ್ಲ, ಬರೀ ಬಿಗಿಯ ಮೇಲೆ ನಿಂತ ಸಂಸಾರ. ಅದಕ್ಕೆ ಎಣ್ಣೆ ಸಿಗುವುದು ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ಲಿನಿಂದ ಮಾತ್ರ. ಎಣ್ಣೆ ಬೆರೆಸುವುದನ್ನು ಮರೆತು ಬರೀ ಪೆಟ್ರೋಲು ಹಾಕಿ ಓಡಿಸಿದರೆ ಮೊದಲು ಪ್ರಾಣ ಬಿಡುವವರಲ್ಲಿ ಈ ರೋಲರುಗಳೂ ಸೇರಿವೆ.

ಬಿಗ್ ಎಂಡ್ ಹೋಗಿದೆಯೋ ಇಲ್ಲವೋ ಎಂದು ನೀವೇ ನೋಡಬಹುದು. ಸಿಲಿಂಡರು ಬಿಚ್ಚಿದ ಮೇಲೆ ರಾಡಿನ ತಲೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಕೆಳಕ್ಕೆ ಒತ್ತಿ. ಒಂದಿಷ್ಟೂ ಆಡಬಾರದು. "ಟಕ್" ಅಂದರೆ ಕೆಲಸ ಇದೆ ಎಂದರ್ಥ. ಪಕ್ಕಕ್ಕೆ ಸ್ವಲ್ಪ ಅಲ್ಲಾಡಿದರೆ ಹೆದರಬೇಡಿ, ಅದು ಇರಬೇಕಾದದ್ದೇ. ಆ ಪಕ್ಕದ ಆಟವನ್ನು ತೋರಿಸಿ, "ನೋಡಿ ಸಾರ್, ಹೆಂಗೆ ಅಲ್ಲಾಡ್ತಾ ಇದೆ" ಎಂದು ಗಿರಾಕಿಗೆ ಪೂರ್ತಿ ಕ್ರ್ಯಾಂಕು ಮಾರುವ ಮಹಾನುಭಾವರು ಇದ್ದಾರೆ. ಹುಷಾರಾಗಿರಿ.

ಶೆಟ್ಟರ ರಾಡು ಮೇಲೆ ಕೆಳಗೆ ಆಡುತ್ತಿತ್ತು. ಹಾಗೆಂದು ಚಕ್ರಗಳು ಹೋಗಿರಲಿಲ್ಲ. ಪಿನ್ನು, ರೋಲರು, ರಾಡು, ಇಷ್ಟೇ ಹೊಸದು ಸಾಕು ಎಂದರು ಮೇಸ್ತ್ರಿ. ಲೇತ್ ಅಂಗಡಿಯ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಹಳೇ ಪಿನ್ನು ಒತ್ತಿ ತೆಗೆದು ಹೊಸದನ್ನು ಕೂರಿಸಿದ್ದು ಅರ್ಧ ಗಂಟೆಯ ಕೆಲಸ. ಆಮೇಲೆ ಶುರುವಾಯಿತು ನಿಜವಾದ ಕೆಲಸ, ಅಂದರೆ ನೇರ ಮಾಡುವುದು.

ಎರಡು ಚಕ್ರವೂ ಒಂದೇ ಗೆರೆಯಲ್ಲಿ ತಿರುಗಬೇಕು. ಕ್ರ್ಯಾಂಕನ್ನು ಲೇತಿನ ಎರಡು ಸೆಂಟರ್ ನಡುವೆ ನಿಲ್ಲಿಸಿ, ದಂಡಿನ ಮೇಲೆ ಡಯಲ್ ಗೇಜಿನ ಮುಳ್ಳಿಟ್ಟು, ಕೈಯಲ್ಲಿ ನಿಧಾನ ತಿರುಗಿಸುತ್ತಾರೆ. ಮುಳ್ಳು ಎಷ್ಟು ಓಲಾಡಿತೋ ಅಷ್ಟು ಸೊಟ್ಟ. ಎಲ್ಲಿ ಎತ್ತರವೋ ಅಲ್ಲಿ ತಾಮ್ರದ ಸುತ್ತಿಗೆಯಲ್ಲಿ ಒಂದು ಪೆಟ್ಟು. ಮತ್ತೆ ತಿರುಗಿಸು, ಮತ್ತೆ ನೋಡು, ಮತ್ತೆ ಪೆಟ್ಟು. ಮೇಸ್ತ್ರಿ ಸಮಾಧಾನವಾಗಿ ಕೆಳಗಿಟ್ಟದ್ದು ಮುಳ್ಳು 0.03 ಮಿಲಿಮೀಟರಿಗೆ ಇಳಿದ ಮೇಲೆ. ನಮ್ಮ ತಲೆಗೂದಲಿನ ದಪ್ಪದ ಅರ್ಧಕ್ಕಿಂತ ಕಡಿಮೆ! ಆ ಹೊತ್ತಿಗೆ ಮಧ್ಯಾಹ್ನದ ಊಟದ ಸಮಯ ಕಳೆದು ಕಾಫಿ ಸಮಯ ಆಗಿತ್ತು.

"ಇದನ್ನ ಮಾಡದೆ ಹಂಗೇ ಕೂರಿಸಿದ್ರೆ ಏನಾಗುತ್ತೆ?" ಎಂದು ಕೇಳಿದ್ದಕ್ಕೆ ಮೇಸ್ತ್ರಿ ನಕ್ಕರು. "ಏನೂ ಆಗಲ್ಲ ಸ್ವಾಮಿ. ಗಾಡಿ ಓಡುತ್ತೆ. ಕೈ ಜುಮ್ ಅನ್ನುತ್ತೆ, ಬೇರಿಂಗು ತಿನ್ನುತ್ತೆ, ಸೀಲು ಕಿತ್ಕೊಳ್ಳುತ್ತೆ. ಆರು ತಿಂಗಳಿಗೆ ಮತ್ತೆ ನನ್ ಹತ್ರ ಬರ್ತೀರ. ನನಗೇನು ಲಾಸು?"

ಬೋರು ಎಂಬ ಬ್ಯಾಂಕ್ ಖಾತೆ

ಈಗ ಸಿಲಿಂಡರಿನ ವಿಚಾರ. ಬೋರ್ ಮಾಡಿಸುವುದು ಎಂದರೆ ಕ್ಷೌರ ಮಾಡಿಸಿದ ಹಾಗೆ ಎಂದು ಜನ ತಿಳಿದಿದ್ದಾರೆ. ಕ್ಷೌರದ ಕೂದಲು ಮತ್ತೆ ಬೆಳೆಯುತ್ತದೆ. ಸಿಲಿಂಡರಿನ ಕಬ್ಬಿಣ ಬೆಳೆಯುವುದಿಲ್ಲ.

ಈ ಜಾವಾದ ಸಿಲಿಂಡರು ಬೀಡುಕಬ್ಬಿಣದ್ದು. ಹುಟ್ಟಿದಾಗ ಒಳಗಿನ ಅಗಲ 65 ಮಿಲಿಮೀಟರು, ಪಿಸ್ಟನ್ನಿನ ಓಡಾಟ 75 ಮಿಲಿಮೀಟರು. ಅದರಿಂದಲೇ 250 ಸಿ.ಸಿ. ಎಂಬ ಲೆಕ್ಕ. ಗೋಡೆ ಸವೆದು ಮೊಟ್ಟೆಯಾಕಾರ ಆದಾಗ ಒಳಗೆ ಕೆರೆದು ಮತ್ತೆ ಗುಂಡಗೆ ಮಾಡಿ, ಒಂದು ಸೈಜು ದೊಡ್ಡ ಪಿಸ್ಟನ್ನು ಹಾಕುತ್ತಾರೆ. ಒಂದು ಸೈಜು ಎಂದರೆ 0.25 ಮಿಲಿಮೀಟರು. ಹೀಗೆ ಮೂರೋ ನಾಲ್ಕೋ ಸಲ. ಆಮೇಲೆ ಖಾತೆ ಖಾಲಿ.

ಆದ್ದರಿಂದ ಪ್ರತಿಯೊಂದು ಬೋರೂ ಬ್ಯಾಂಕಿನಲ್ಲಿಟ್ಟ ಗಂಟಿನಿಂದ ದುಡ್ಡು ತೆಗೆದ ಹಾಗೆ. ಜಮಾ ಮಾಡುವವರು 1996ರಲ್ಲೇ ಅಂಗಡಿ ಮುಚ್ಚಿದ್ದಾರೆ. ರಿಂಗು ಮಾತ್ರ ಬದಲಿಸಿದರೆ ಸಾಕಾಗಿದ್ದ ಕಡೆ ಬೋರು ಮಾಡುವುದು, ಒಂದು ಸೈಜಿನಲ್ಲಿ ಮುಗಿಯುವುದಕ್ಕೆ "ಸ್ಟಾಕಿಲ್ಲ" ಎಂದು ಎರಡು ಸೈಜು ಹಾರಿಸುವುದು, ಇವನ್ನೇ ನಿಮ್ಮ ವರದಿಗಾರ ಕೊಲೆ ಎಂದದ್ದು. ಗೇಜು ಹಾಕಿ ಮೇಲೆ, ನಡುವೆ, ಪೋರ್ಟಿನ ಹತ್ತಿರ ಮೂರು ಕಡೆ ಅಳೆಯದೆ ಬೋರು ಮಾಡಬೇಕು ಎನ್ನುವವನಿಗೆ ಸಿಲಿಂಡರು ಕೊಡಬೇಡಿ. ತಕ್ಕಡಿ ಇಲ್ಲದೆ ಅಕ್ಕಿ ಮಾರುವವನ ಹತ್ತಿರ ನೀವು ಅಕ್ಕಿ ಕೊಳ್ಳುತ್ತೀರಾ?

ಬೋರು ಆದ ಮೇಲೆ ಪಿಸ್ಟನ್ನಿಗೂ ಗೋಡೆಗೂ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದು ಇನ್ನೊಂದು ಜಾಗರೂಕತೆ. ಪಿಸ್ಟನ್ನು ಅಲ್ಯೂಮಿನಿಯಂ, ಅದು ಬಿಸಿಗೆ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಜಾಗ ಕಡಿಮೆಯಾದರೆ ಹೈವೇನಲ್ಲಿ ಗಾಡಿ ಗಕ್ಕನೆ ಹಿಡಿದುಕೊಳ್ಳುತ್ತದೆ, ಹಿಂದಿನ ಚಕ್ರ ಉಜ್ಜಿಕೊಂಡು ಹೋಗುತ್ತದೆ. ಹೆಚ್ಚಾದರೆ ಪಿಸ್ಟನ್ನು ಡಬ್ಬದಲ್ಲಿ ಕಡಲೆಕಾಯಿ ಅಲ್ಲಾಡಿದ ಹಾಗೆ ಅಲ್ಲಾಡುತ್ತದೆ. ಬೇಕಾದದ್ದು ಸುಮಾರು ಒಂದು ಕೂದಲೆಳೆ.

ಇನ್ನೊಂದು ಸಣ್ಣ ಕೆಲಸ ಇದೆ, ಬಹಳ ಜನ ಬಿಟ್ಟುಬಿಡುತ್ತಾರೆ. ಬೋರು ಮಾಡಿದಾಗ ಪೋರ್ಟಿನ ಅಂಚು ಬ್ಲೇಡಿನ ಹಾಗೆ ಚೂಪಾಗಿರುತ್ತದೆ. ರಿಂಗು ನಿಮಿಷಕ್ಕೆ ಸಾವಿರಾರು ಸಲ ಆ ಕಿಟಕಿ ದಾಟಬೇಕು. ಅಂಚನ್ನು ಸಣ್ಣ ಅರದಿಂದ ಮೃದು ಮಾಡದಿದ್ದರೆ ರಿಂಗು ಸಿಕ್ಕಿ ಮುರಿಯುತ್ತದೆ. ಮುರಿದ ಚೂರು ಹೊಸ ಬೋರನ್ನು ಉದ್ದಕ್ಕೂ ಗೀರುತ್ತದೆ. ಹತ್ತು ನಿಮಿಷದ ಅರದ ಕೆಲಸಕ್ಕೆ ಚೌಕಾಸಿ ಮಾಡಿ ಒಂದು ಸೈಜು ಕಳೆದುಕೊಂಡವರು ಬೇಕಾದಷ್ಟು ಜನ ಸಿಗುತ್ತಾರೆ.

ಶೆಟ್ಟರ ದುರದೃಷ್ಟ, ಅವರ ಸಿಲಿಂಡರಿನ ಖಾತೆ ಆಗಲೇ ಖಾಲಿ. ತಂದೆಯವರ ಕಾಲದಲ್ಲೇ ನಾಲ್ಕು ಸಲ ಬೋರು ಆಗಿತ್ತು. ಮೂಟೆ ಹೊತ್ತ ಗಾಡಿ, ಆಗಬೇಕಾದ್ದೇ. ಹೊಸ ಡೂಪ್ಲಿಕೇಟ್ ಬ್ಲಾಕು ಕೊಳ್ಳುವುದೋ, ಹಳೇದಕ್ಕೆ ಸ್ಲೀವು ಹಾಕಿಸುವುದೋ? ಸ್ಲೀವು ಎಂದರೆ ಸಿಲಿಂಡರನ್ನು ಇನ್ನೂ ದೊಡ್ಡದಾಗಿ ಕೊರೆದು, ಒಳಗೆ ಹೊಸ ಕಬ್ಬಿಣದ ಕೊಳವೆ ಒತ್ತಿ ಕೂರಿಸಿ, ಅದನ್ನು ಮತ್ತೆ 65ಕ್ಕೆ ತರುವುದು. ಫೋರ್ ಸ್ಟ್ರೋಕಿಗಾದರೆ ಇದು ದಿನನಿತ್ಯದ ಕೆಲಸ. ಟೂ ಸ್ಟ್ರೋಕಿನಲ್ಲಿ ಕೊಳವೆಯಲ್ಲೂ ಕಿಟಕಿಗಳನ್ನು ಕತ್ತರಿಸಬೇಕು, ಹಳೇ ಕಿಟಕಿಗೆ ಗೆರೆ ತಪ್ಪದೆ ಹೊಂದಬೇಕು. ಒಂದು ಮಿಲಿಮೀಟರು ಮೇಲೆ ಕೆಳಗೆ ಆದರೂ ಇಂಜಿನ್ನಿನ ಗುಣವೇ ಬದಲಾಗುತ್ತದೆ.

ಶೆಟ್ಟರು ಎರಡು ದಿನ ಯೋಚನೆ ಮಾಡಿದರು. ಖರ್ಚಿನಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಮನೆಯಲ್ಲಿ ಹೆಂಡತಿ "ಗುಜರಿಗೆ ಹಾಕಿ ಒಂದು ಸ್ಕೂಟಿ ತಗೊಳ್ಳಿ" ಅಂದರಂತೆ. ಅದೂ ತಪ್ಪಲ್ಲ ಬಿಡಿ, ದುಡ್ಡು ಅವರ ಮನೆಯದೇ. ಕೊನೆಗೆ ಸ್ಲೀವು ಎಂದೇ ತೀರ್ಮಾನವಾಯಿತು. ಯಾಕೆ ಎಂದು ಕೇಳಿದ್ದಕ್ಕೆ ಶೆಟ್ಟರು, "ನಮ್ಮಪ್ಪ ಹಳೇ ತಕ್ಕಡಿ ಬಿಸಾಕಲಿಲ್ಲ ಸಾರ್. ಸರಪಳಿ ಬದಲಾಯಿಸಿದ್ರು" ಅಂದರು.

ನಂಬರಿನ ಬೆಲೆ

ಮೊದಲ ಗ್ಯಾರೇಜಿನವನು ಕ್ರ್ಯಾಂಕ್ ಕೇಸು ಬದಲಿಸೋಣ ಎಂದಿದ್ದನಲ್ಲ, ಅದರ ಕಡೆ ಬರೋಣ. ಈ ಕೇಸಿನ ಮೇಲೇ ಇಂಜಿನ್ ನಂಬರು ಹೊಡೆದಿರುವುದು. ಆರ್.ಸಿ. ಪುಸ್ತಕದಲ್ಲಿರುವುದೂ ಅದೇ ನಂಬರು. ಕೇಸಿನ ಎರಡು ಹೋಳು ಜೋಡಿಯಾಗಿಯೇ ಮೆಷಿನ್ ಆದಂಥವು. ಹೋಳು ಒಂದನ್ನು ಬದಲಿಸಿದರೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ, ಬದಲಿಸಿದರೆ ಜೋಡಿಯನ್ನೇ ಬದಲಿಸಬೇಕು. ಗುಜರಿಯಿಂದ ತಂದ ಜೋಡಿಯ ಮೇಲೆ ಯಾರದೋ ನಂಬರು. ಆ ಗಾಡಿ ಎಲ್ಲಿಯದು, ಕದ್ದದ್ದೋ, ಕೇಸಿನಲ್ಲಿದ್ದದ್ದೋ, ಯಾರಿಗೆ ಗೊತ್ತು? ನಂಬರು ಅರದಿಂದ ಉಜ್ಜಿ ಹೊಸದಾಗಿ ಹೊಡೆಯುತ್ತೇವೆ ಎನ್ನುವ ಧೀರರೂ ಸಿಗುತ್ತಾರೆ. ಅದು ರಿಪೇರಿಯಲ್ಲ ಸ್ವಾಮಿ, ಅಪರಾಧ.

ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಮೋಟಾರ್ ಸೈಕಲ್ಲಿಗೆ 300 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 1,000 ಆಯಿತು. 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟಿನಲ್ಲಿ 2,000 ಎಂದು ಗೊತ್ತುಮಾಡಿದರು. ಗಾಡಿ ತೋರಿಸಿದಾಗ ಇನ್ಸ್‌ಪೆಕ್ಟರು ಮೊದಲು ನೋಡುವುದು ನಂಬರುಗಳನ್ನೇ. ಐವತ್ತು ವರ್ಷ ದಾಟಿದವಕ್ಕೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಎಂಬ ಬೇರೆ ವರ್ಗವನ್ನೇ ಮಾಡಿತು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ವಿ.ಎ. ಎಂಬ ಅಕ್ಷರ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಇಂಜಿನ್ನನ್ನು ಮಾರ್ಪಡಿಸಿರಬಾರದು ಎಂಬ ಷರತ್ತಿದೆ. ದಿನಬಳಕೆಗೂ ಓಡಿಸುವ ಹಾಗಿಲ್ಲ, ಪ್ರದರ್ಶನ, ರ್‍ಯಾಲಿ ಇಂಥವಕ್ಕೆ ಮಾತ್ರ. ಸಂತೆಪೇಟೆಗೆ ಹೋಗಿ ಬರುವ ಶೆಟ್ಟರಿಗೆ ಅದು ಬೇಡ, ಮಾಮೂಲಿ ನವೀಕರಣವೇ ಸಾಕು.

ಸೀಳಿದ ಕೇಸು ಏನಾಯಿತು? ಮುಂದಿನ ಹಲ್ಲುಚಕ್ರದ ಹತ್ತಿರ ಎಂದೋ ಚೈನು ತುಂಡಾಗಿ ಹೊಡೆದು ಬಿರುಕು ಬಿಟ್ಟಿತ್ತು. ಆರ್ಗಾನ್ ವೆಲ್ಡಿಂಗಿನಲ್ಲಿ ಮುಚ್ಚಿಸಿದರು, ಮೇಲೆ ಸಮ ಮಾಡಿದರು. ಹುಡುಕಿ ನೋಡಿದರೆ ಒಂದು ಗೆರೆ ಕಾಣುತ್ತದೆ. ನಂಬರು ಇದ್ದ ಹಾಗೇ ಇದೆ.

ಜೋಡಣೆ, ಎಣ್ಣೆ, ಪೆಟ್ರೋಲು

ಜೋಡಿಸುವಾಗ ನೋಡಬೇಕಾದ್ದು ಕೆಲವು. ಪಿಸ್ಟನ್ನಿನ ತಲೆಯ ಮೇಲಿನ ಬಾಣದ ಗುರುತು ಮುಂದಕ್ಕೆ, ಸೈಲೆನ್ಸರ್ ಕಡೆಗೆ ಇರಬೇಕು. ರಿಂಗಿನ ಬಾಯಿ ತೋಡಿನಲ್ಲಿರುವ ಸಣ್ಣ ಗೂಟಕ್ಕೆ ಸರಿಯಾಗಿ ಕೂರಬೇಕು. ಆ ಗೂಟ ಇರುವುದೇ ರಿಂಗು ತಿರುಗಿ ಬಾಯಿ ಕಿಟಕಿಗೆ ಸಿಕ್ಕದಿರಲಿ ಎಂದು. ಕ್ಲಚ್ಚಿನ ಕಾರ್ಕ್ ಪ್ಲೇಟುಗಳನ್ನು ಒಂದು ರಾತ್ರಿ ಎಣ್ಣೆಯಲ್ಲಿ ನೆನೆಹಾಕಿದರು. ಕಾಂಟ್ಯಾಕ್ಟ್ ಪಾಯಿಂಟಿನ ಗ್ಯಾಪು 0.4 ಮಿಲಿಮೀಟರು. ಹೊಟ್ಟೆ ಕೆಟ್ಟವನಿಗೆ ಬಾಯಿ ತೊಳೆಸಿದರೆ ಸಾಲದು ಎಂದು ಎರಡು ಸೈಲೆನ್ಸರಿನ ಒಳಗಿನ ಮಸಿಯನ್ನೂ ಸುಟ್ಟು ಬಡಿದು ತೆಗೆದರು. ಒಂದು ಮೊರದಷ್ಟು ಬಂತು.

ಪೆಟ್ರೋಲಿನ ವಿಚಾರ ಈಗ ಹೊಸ ತಲೆನೋವು. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರಕೆಯ ಗುರಿ ಮುಟ್ಟಿತು. ಹೊಸ ಗಾಡಿಗಳ ಮಾತು ಬೇರೆ. 1968ರ ಗಾಡಿಯ ರಬ್ಬರು, ಕಾರ್ಕು ಇದಕ್ಕೆಂದು ಮಾಡಿದ್ದಲ್ಲ, ಊದಿಕೊಂಡು ಮೆತ್ತಗಾಗುತ್ತವೆ. ಎಥನಾಲು ಗಾಳಿಯ ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು. ಮೇಲಾಗಿ ಅದೇ ಜೆಟ್ಟಿನಲ್ಲಿ ಈ ಪೆಟ್ರೋಲು ಕೊಟ್ಟರೆ ಇಂಜಿನ್ನಿಗೆ ಆಹಾರ ತೆಳುವಾಗುತ್ತದೆ, ಬಿಸಿ ಏರುತ್ತದೆ. ಅದಕ್ಕೇ ಮೇಸ್ತ್ರಿ ಪೈಪು, ವಾಷರು ಎಲ್ಲ ಹೊಸದು ಹಾಕಿ, ಜಿಕೋವ್ ಕಾರ್ಬೊರೇಟರಿಗೆ ಒಂದು ಸೈಜು ದೊಡ್ಡ ಜೆಟ್ಟು ಕೂರಿಸಿದರು. ಗಾಡಿ ನಿಲ್ಲಿಸಿಡುವುದಾದರೆ ಟ್ಯಾಂಕು ಖಾಲಿ ಮಾಡಿ ಇಡಿ ಎಂದು ಶೆಟ್ಟರಿಗೆ ತಾಕೀತು ಮಾಡಿದರು.

ಎಣ್ಣೆಯ ಅಳತೆ ಬರೆದಿಟ್ಟುಕೊಳ್ಳಿ. ಹೊಸ ಬೋರಿಗೆ ಮೊದಲು ಲೀಟರಿಗೆ 50 ಮಿ.ಲೀ. ಟೂ-ಟಿ ಆಯಿಲ್, ಆಮೇಲೆ 40. ಬಂಕಿನಲ್ಲಿ ಹಾಕಿಸುವಾಗ ಮೊದಲು ಎಣ್ಣೆ ಸುರಿದು ಆಮೇಲೆ ಪೆಟ್ರೋಲು ಹಾಕಿಸಿದರೆ ತಾನೇ ಬೆರೆಯುತ್ತದೆ. "ಜಾಸ್ತಿ ಎಣ್ಣೆ ಹಾಕಿದ್ರೆ ಜಾಸ್ತಿ ಒಳ್ಳೇದು" ಎಂಬುದು ತಪ್ಪು ನಂಬಿಕೆ. ಸೈಲೆನ್ಸರು ಕಟ್ಟುತ್ತದೆ, ಪ್ಲಗ್ಗು ಮಸಿಯಾಗುತ್ತದೆ, ಹಿಂದೆ ಬರುವವರು ಶಾಪ ಹಾಕುತ್ತಾರೆ. ಹೊಗೆಯ ವಿಚಾರದಲ್ಲಿ ಟೂ ಸ್ಟ್ರೋಕಿನ ಹೆಸರು ಕೆಟ್ಟಿರುವುದು ಸುಳ್ಳೇನಲ್ಲ.

ಹುಡುಗರು ಎಲ್ಲಿ?

ಒಂದು ವಿಷಯ ಮಾತ್ರ ಬೇಸರ ತರಿಸಿತು. ಈ ಮೇಸ್ತ್ರಿಯ ಕೈಕೆಳಗೆ ಈಗ ಯಾರೂ ಇಲ್ಲ. ಇದ್ದ ಇಬ್ಬರು ಹುಡುಗರು ದೊಡ್ಡ ಸರ್ವೀಸ್ ಸ್ಟೇಷನ್ನಿಗೆ ಹೋದರು. ಅಲ್ಲಿ ಸಂಬಳ ತಿಂಗಳು ತಿಂಗಳು ಬರುತ್ತದೆ, ಯೂನಿಫಾರಂ ಕೊಡುತ್ತಾರೆ. ತಪ್ಪೆನ್ನಲು ಆಗುವುದಿಲ್ಲ. ಡಯಲ್ ಗೇಜಿನ ಮುಂದೆ ಅರ್ಧ ದಿನ ಕೂತು ತಾಮ್ರದ ಸುತ್ತಿಗೆ ಆಡಿಸುವುದಕ್ಕೆ ಯಾರಿಗೆ ತಾಳ್ಮೆ ಇದೆ? ಆ ಅರ್ಧ ದಿನಕ್ಕೆ ತಕ್ಕ ಕೂಲಿ ಕೊಡುವ ಗಿರಾಕಿಯಾದರೂ ಎಲ್ಲಿದ್ದಾನೆ? ಟ್ಯಾಂಕಿಗೆ ಮೆರೂನ್ ಬಣ್ಣ, ಕ್ರೋಮು ಹೊಳಪು ಎಂದರೆ ಕೇಳಿದಷ್ಟು ಕೊಡುತ್ತಾರೆ. ಕಣ್ಣಿಗೆ ಕಾಣದ ಕ್ರ್ಯಾಂಕಿಗೆ ಬಂದಾಗ ಚೌಕಾಸಿ ಶುರು. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಎಂದು ಗಾಡಿಗಳ ಮೆರವಣಿಗೆ ಮಾಡುತ್ತಾರೆ, ನೋಡಲು ಸೊಗಸು. ಆ ಮೆರವಣಿಗೆಯವರು ಒಬ್ಬೊಬ್ಬ ಐ.ಟಿ.ಐ. ಹುಡುಗನನ್ನು ಇಂಥ ಮೇಸ್ತ್ರಿಗಳ ಹತ್ತಿರ ಒಂದು ವರ್ಷ ಕೂರಿಸಿ, ಅವನ ಖರ್ಚು ಹಂಚಿಕೊಂಡರೆ ಏನು ನಷ್ಟ?

ಶೆಟ್ಟರ ಮಗ ಮಾತ್ರ ಅಂಗಡಿಗೆ ರಜೆ ಇದ್ದ ದಿನಗಳಲ್ಲಿ ಬಂದು ಪಕ್ಕದಲ್ಲಿ ಕೂತು ನೋಡಿದ್ದಾನೆ. ರಿಂಗಿನ ಬಾಯಿಯ ಗ್ಯಾಪು ಅಳೆದದ್ದು ಅವನೇ. ಎರಡು ಸಲ ತಪ್ಪಿತು, ಮೂರನೇ ಸಲ ಮೇಸ್ತ್ರಿ ತಲೆ ಆಡಿಸಿದರು.

ಗಾಡಿ ಸ್ಟಾರ್ಟ್ ಆದದ್ದು ಐದನೇ ಕಿಕ್ಕಿಗೆ. ಆ ಕಿಕ್ ಲಿವರನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರು. ಜಾವಾದ ಈ ಚಮತ್ಕಾರ ಗೊತ್ತಿಲ್ಲದ ಹುಡುಗರು ಸುತ್ತ ನಿಂತು ಬೆರಗಾದರು. ಮೊದಲ 500 ಕಿಲೋಮೀಟರು 40ರ ಮೇಲೆ ಹೋಗಕೂಡದು, ಹಿಂದೆ ಯಾರನ್ನೂ ಕೂರಿಸಕೂಡದು, ಚಾಮುಂಡಿ ಬೆಟ್ಟದ ಕಡೆ ತಲೆ ಹಾಕಕೂಡದು ಎಂದು ಮೇಸ್ತ್ರಿಯ ಅಪ್ಪಣೆ. ತಾಯಿಗೆ ಕೈಮುಗಿಯಬೇಕಾದರೆ ಕೆಳಗಿನಿಂದಲೇ ಮುಗಿಯಿರಿ ಎಂದರಂತೆ. ಮಗ ದಿನಾ ಬೆಳಿಗ್ಗೆ ನಂಜನಗೂಡು ರಸ್ತೆಯಲ್ಲಿ ಕಡಕೊಳದವರೆಗೆ ಹೋಗಿ ಬರುತ್ತಿದ್ದ.

ಹೋದ ಶನಿವಾರ ಐನೂರು ತುಂಬಿತು. ಹಳೇ ಪಿಸ್ಟನ್ನು, ಹಳೇ ರಾಡು, ಬೇರಿಂಗು, ಸೀಲು ಎಲ್ಲವನ್ನೂ ಮೇಸ್ತ್ರಿ ಒಂದು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿ ಶೆಟ್ಟರ ಕೈಗೆ ಕೊಟ್ಟರು. ಆಮೇಲೆ ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿದರು. ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ಹದವಾಗಿ ಹುರಿದ ಕಾಫಿಪುಡಿಯ ಬಣ್ಣ. ಏನೂ ಮಾತಾಡದೆ ಒರೆಸಿ ಮತ್ತೆ ಹಾಕಿದರು.